ಬೆಳ್ಳಿಯ ತಗಡು ಮತ್ತು ಆಧುನಿಕ ದೃಷ್ಟಿ: ದಂಡು ಪ್ರದೇಶದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಆಧುನಿಕ ಭಾರತೀಯ ಕಲೆಯ ವಿಮರ್ಶೆಯಲ್ಲಿ ‘ಪರಂಪರೆಯ ಪ್ರಭಾವ’ ಎಂಬ ಮಾತು ಬಹುಮಟ್ಟಿಗೆ ಆಕೃತಿಗಳಿಗೆ ಸೀಮಿತವಾಗಿ ಬಳಕೆಯಾಗಿದೆ. ಹಂಸವೋ ಕೀರ್ತಿಮುಖವೋ ಕಂಡೊಡನೆ ಪರಂಪರೆಯನ್ನು ಗುರುತಿಸುವುದು ವಾಡಿಕೆ. ಬೆಳ್ಳಿಯ ಕುಶಲಕಲೆಗೂ ಆಧುನಿಕ ಕಲಾವಿದರಿಗೂ ಇರುವ ಸಂಬಂಧವನ್ನು ಅಳೆಯಲು ಈ ಮಾನದಂಡ ಸಾಲದು.

1809ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ದಂಡು ಪ್ರದೇಶವು ಬೆಳ್ಳಿಯ ಕೆಲಸಕ್ಕೆ ಹೊಸ ಗ್ರಾಹಕರನ್ನು ಒದಗಿಸಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಸಂಸ್ಥೆಯು ಪ್ರಸಿದ್ಧಿಗೆ ತಂದ ‘ಸ್ವಾಮಿ’ ಶೈಲಿಯ ಪಾತ್ರೆಗಳನ್ನು ಬೆಂಗಳೂರಿನ ಬಾರ್ಟನ್ ಸನ್ ಅಂಡ್ ಕಂಪನಿಯೂ ಮಾರಿತು. ತಗಡನ್ನು ಅರಗಿನ ಮೇಲಿರಿಸಿ, ಚಾಣದಿಂದ ಬಡಿದು ದೇವತೆಗಳನ್ನು ಉಬ್ಬಿಸುವ ವಿದ್ಯೆ ದೇವಾಲಯದ ಕವಚಗಳಿಂದ ಬಂದುದು. ಅದು ಅಲಂಕರಿಸಿದ್ದು ಚಹಾದ ಪಾತ್ರೆಯನ್ನು. ಆಕೃತಿ ಉಳಿಯಿತು, ಅದರ ಆರಾಧನೆಯ ಸಂದರ್ಭ ಅಳಿಯಿತು. ಪಾತ್ರೆಯ ತಳದಲ್ಲಿ ಒತ್ತಿದ್ದು ಸಂಸ್ಥೆಯ ಮುದ್ರೆ, ಬಡಿದವನ ಹೆಸರಲ್ಲ.

ಇದಕ್ಕೆ ಭಿನ್ನವಾದ ದಾರಿಯನ್ನು ಹಿಡಿದವರು, 1850ರಲ್ಲಿ ಆರಂಭವಾದ ಮದರಾಸಿನ ಕಲಾಶಾಲೆಯಲ್ಲಿ ಕಲಿತ, ಬೆಂಗಳೂರಿನ ನಂಟುಳ್ಳ ಇಬ್ಬರು ಕಲಾವಿದರು. 1946ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಚೋಳಮಂಡಲದಲ್ಲಿ ನೆಲೆಸಿ, 2017ರಲ್ಲಿ ನಿಧನರಾದ ಎಸ್. ನಂದಗೋಪಾಲ್ ತಾಮ್ರ ಮತ್ತು ಹಿತ್ತಾಳೆಯ ತಗಡುಗಳನ್ನು ಬೆಸೆದು, ಅವುಗಳಿಗೆ ಬೆಳ್ಳಿಯ ಲೇಪ ನೀಡಿದರು. ಅವರ ಶಿಲ್ಪಗಳು ಚಿತ್ರಗಳಂತೆ ಎದುರಿನಿಂದಲೇ ನೋಡಿಸಿಕೊಳ್ಳುತ್ತವೆ. ಕವಚದ ಗುಣವೂ ಇದೇ ಆಗಿದೆ: ಹಿಂಬದಿಯಿಲ್ಲದ, ಸಂಪೂರ್ಣ ಮುಖವೇ ಆದ ಲೋಹ.

1937ರಲ್ಲಿ ಕಣ್ಣೂರಿನ ಕಡೆ ಜನಿಸಿ ಬೆಂಗಳೂರನ್ನು ಕರ್ಮಭೂಮಿಯಾಗಿಸಿಕೊಂಡ ಬಾಲನ್ ನಂಬಿಯಾರ್ ಅವರದು ಮತ್ತೊಂದು ಬಗೆ. ಅವರ ಮಾವ, ಇಟಲಿಯ ಪಾದುವಾದ ಪಾವೊಲೊ ದೆ ಪೋಲಿ (1905–1996), ಎನಾಮಲ್ ಕಲೆಯ ಪರಿಣತರು. ನಂಬಿಯಾರ್ ಒಡವೆಗಳಿಗೆ ಬಳಸುವ ಎನಾಮಲ್ಲನ್ನು ತಾಮ್ರ ಮತ್ತು ಬೆಳ್ಳಿಯ ತಗಡಿನ ಮೇಲೆ ವರ್ಣಚಿತ್ರದ ಮಾಧ್ಯಮವಾಗಿಸಿದರು. ಲೋಹದ ಆಕ್ಸೈಡ್‌ಗಳಿಂದ ಬಣ್ಣ ಪಡೆದ ಗಾಜಿನ ಪುಡಿಯು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಲೋಹಕ್ಕೆ ಅಂಟುತ್ತದೆ. ಶುದ್ಧ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿಯಲ್ಲಿ. ಈ ಅಂತರವೇ ಕಲಾವಿದನಿಗೆ ದೊರೆಯುವ ಅವಕಾಶ. ಪಾರದರ್ಶಕ ಬಣ್ಣದ ಮೂಲಕ ಹಾದ ಬೆಳಕು ಬೆಳ್ಳಿಗೆ ತಗುಲಿ ಮರಳುವುದರಿಂದ ಲೋಹವು ಇಲ್ಲಿ ಕೇವಲ ಹಲಗೆಯಲ್ಲ, ವರ್ಣದ ಒಂದು ಅಂಗ. ತೆಯ್ಯಂ ಮತ್ತು ಭೂತಾರಾಧನೆಗಳ ಬಗ್ಗೆ ದೀರ್ಘಕಾಲ ಅಧ್ಯಯನ ನಡೆಸಿದ ಈ ಕಲಾವಿದನಿಗೆ, ಬೆಂಕಿಯಲ್ಲಿ ರೂಪ ಪಡೆಯುವ ಮಾಧ್ಯಮ ಒಗ್ಗಿದ್ದು ಸಹಜ.

ಹೀಗೆ ‘ಸ್ವಾಮಿ’ ಬೆಳ್ಳಿ ಪರಂಪರೆಯ ಆಕೃತಿಯನ್ನು ಉಳಿಸಿಕೊಂಡು ಅರ್ಥವನ್ನು ಸಡಿಲಿಸಿದರೆ, ಈ ಇಬ್ಬರೂ ಲೋಹದ ಸ್ವಭಾವವನ್ನೇ ಅರ್ಥದ ಮೂಲವಾಗಿಸಿಕೊಂಡರು. ಆದರೆ ಈ ಸಾಧನೆಯ ಪ್ರಶಂಸೆಯಲ್ಲಿ ಒಂದು ಅಸಮತೋಲನವೂ ಅಡಗಿದೆ. ಆಧುನಿಕ ಕೃತಿಗೆ ಕಲಾವಿದನ ಸಹಿಯುಂಟು. ‘ಸ್ವಾಮಿ’ ಪಾತ್ರೆ ಇಂದಿಗೂ ಅಂಗಡಿಯ ಹೆಸರಿನಲ್ಲೇ ಗುರುತಾಗುತ್ತದೆ. ಕೈಚಳಕವನ್ನು ಚಿಂತನೆಯಿಂದ ಬೇರ್ಪಡಿಸುವ ವಿಂಗಡಣೆಯೇ ಇದರ ಮೂಲ. ಸುತ್ತಿಗೆಯ ಗುರುತು, ಬೆಸುಗೆಯ ರೀತಿ, ಅಚ್ಚಿನ ಪುನರಾವರ್ತನೆಗಳನ್ನು ಸಹಿಯಷ್ಟೇ ಶ್ರದ್ಧೆಯಿಂದ ಓದುವ ಸೂಚೀಗಳು ಸಿದ್ಧವಾದಾಗ ಮಾತ್ರ ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನಂತಹ ಬೀದಿಗಳೂ ಆಧುನಿಕ ಕಲೆಯ ಇತಿಹಾಸದೊಳಗೆ ಬರುವುದು ಸಾಧ್ಯ.