ಮೊದಲು ಅಂಚು ನೋಡಿ

ಫೋಟೊ ಪ್ರದರ್ಶನಕ್ಕೆ ಬಂದವರು ಕೇಳುವ ಮೊದಲ ಪ್ರಶ್ನೆ, ‘ಯಾವ ಕ್ಯಾಮೆರಾ ಸಾರ್?’ ಎರಡನೆಯದು, ‘ಲೆನ್ಸಿಗೆ ಎಷ್ಟು ಬಿತ್ತು?’ ಮೂರನೆಯ ಪ್ರಶ್ನೆ ಇರುವುದೇ ಇಲ್ಲ. ಅಷ್ಟರಲ್ಲಿ ಚಿತ್ರಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಾರೆ. ಇದನ್ನು ನೋಡಿ ನೋಡಿ ರೋಸಿಹೋಗಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಹೊಸದಾಗಿ ಕ್ಯಾಮೆರಾ ಹಿಡಿದವರಿಗೂ ಸರಿ, ಸುಮ್ಮನೆ ಫೋಟೊ ನೋಡಿ ಸುಖಪಡಬೇಕು ಅನ್ನುವವರಿಗೂ ಸರಿ.

ಐಎಸ್‌ಒ, ಶಟರ್, ಅಪರ್ಚರ್ ಪುರಾಣ ಇಲ್ಲಿ ಬಿಚ್ಚುವುದಿಲ್ಲ. ಕ್ಯಾಮೆರಾ ಡಬ್ಬಿಯೊಳಗಿನ ಪುಸ್ತಕ ಓದಿದರೆ ಒಂದು ಸಂಜೆಗೆ ಮುಗಿಯುವ ವಿದ್ಯೆ ಅದು. ಫಿಲ್ಮಿನ ಕಾಲದಲ್ಲಿ ಮೀಟರ್ ಇಲ್ಲದವರು ರಣಬಿಸಿಲಿನಲ್ಲಿ ಎಫ್/16 ಇಟ್ಟು, 100 ಐಎಸ್‌ಒ ಫಿಲ್ಮಿಗೆ ಶಟರನ್ನು 1/125ಕ್ಕೆ ತಿರುಗಿಸಿ ನಿಶ್ಚಿಂತೆಯಾಗಿ ಕ್ಲಿಕ್ಕಿಸುತ್ತಿದ್ದರು. ಇವತ್ತು ನಿಮ್ಮ ಫೋನು ಆ ಲೆಕ್ಕವನ್ನು ಇನ್ನೂ ಚೆನ್ನಾಗಿ ಹಾಕುತ್ತದೆ. ಏನನ್ನು ಒಳಗೆ ಸೇರಿಸಬೇಕು, ಏನನ್ನು ಆಚೆ ಬಿಡಬೇಕು ಅನ್ನುವ ತೀರ್ಮಾನ ಮಾತ್ರ ನಿಮ್ಮದೇ. ಆ ತೀರ್ಮಾನ ನಡೆಯುವ ಜಾಗ ಚೌಕಟ್ಟಿನ ನಾಲ್ಕು ಅಂಚು.

ನಡುವೆ ಇರುವುದನ್ನು ಎಲ್ಲರೂ ನೋಡುತ್ತಾರೆ. ಮಗುವಿನ ಮುಖ ಫೋಕಸ್ ಆಯಿತೇ, ಒತ್ತು ಬಟನ್ನು! ಮನೆಗೆ ಬಂದು ನೋಡಿದರೆ ಮಗುವಿನ ನೆತ್ತಿಯಿಂದ ಲೈಟುಕಂಬ ಎದ್ದಿದೆ, ಬಲಗೈ ಮಣಿಕಟ್ಟಿನಲ್ಲೇ ತುಂಡಾಗಿದೆ, ಮೂಲೆಯಲ್ಲಿ ಬಿಳಿ ಪ್ಲಾಸ್ಟಿಕ್ ಚೀಲ ಹೊಳೆಯುತ್ತಿದೆ. ಬೆಳಕು ಹೆಚ್ಚಿರುವ ಕಡೆಗೆ ಓಡುವುದು ಕಣ್ಣಿನ ಸ್ವಭಾವ. ನೋಡುವವರ ಕಣ್ಣು ಮಗುವಿನ ಮುಖವನ್ನು ಬಿಟ್ಟು ಆ ಚೀಲದ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಬಟನ್ ಒತ್ತುವ ಮೊದಲು ನಿಮ್ಮ ಕಣ್ಣು ಅಂಚಿನ ಗುಂಟ ಒಂದು ಪ್ರದಕ್ಷಿಣೆ ಬರಲಿ. ಎಲ್ಲಾದರೂ ಎಡವಿದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಇಲ್ಲವೇ ಮಂಡಿ ಬಗ್ಗಿಸಿ. ಜೂಮ್ ತಿರುಗಿಸುವುದು ಕೊನೆಯ ಉಪಾಯ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ ಕೊಂಡವರಿಗೆ ಇನ್ನೊಂದು ಎಚ್ಚರಿಕೆ: ಅವುಗಳ ವ್ಯೂಫೈಂಡರಿನಲ್ಲಿ ಕಾಣುವುದು ಚಿತ್ರದ ಸುಮಾರು ಶೇಕಡಾ 95 ಮಾತ್ರ. ಮಿಕ್ಕಿದ್ದು ಅಂಚಿನಲ್ಲಿ ಕದ್ದು ಕೂತಿರುತ್ತದೆ.

ಈ ಅಂಚಿನ ಹುಚ್ಚು ನನಗೆ ಹಿಡಿದದ್ದು ಮೈಸೂರಿನ ಒಂದು ಡಾರ್ಕ್‌ರೂಮಿನಲ್ಲಿ. ಸ್ಟುಡಿಯೊದ ಹಿರಿಯರೊಬ್ಬರು ಸಂತೆಯ ಚಿತ್ರವೊಂದನ್ನು ಪ್ರಿಂಟ್ ಹಾಕಿ ಒಣಗಿಸಿದ್ದರು. ಸೊಪ್ಪಿನ ರಾಶಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಅಜ್ಜಿ, ಎಡ ಅಂಚಿನಿಂದ ಒಳಗೆ ಚಾಚಿದ ಒಂದು ಕೈ, ಅಂಗೈ ಮೇಲೆ ಚಿಲ್ಲರೆ. ಅವರ ಹತ್ತಿರ ಕಪ್ಪು ರಟ್ಟನ್ನು ಮೂಲೆಮಟ್ಟದ ಆಕಾರಕ್ಕೆ ಕತ್ತರಿಸಿದ ಎರಡು ತುಂಡುಗಳಿದ್ದವು. ಅವನ್ನು ಎದುರುಬದುರಾಗಿ ಪ್ರಿಂಟಿನ ಮೇಲಿಟ್ಟು ಎಡಗಡೆಯದನ್ನು ಸ್ವಲ್ಪ ಒಳಕ್ಕೆ ಜರುಗಿಸಿದರು. ಕೈ ಮಾಯವಾಯಿತು. ಸೊಪ್ಪಿನ ಹಿಂದೆ ಒಬ್ಬ ಮುದುಕಿ ಕೂತಿದ್ದಾಳೆ, ಅಷ್ಟೆ. ರಟ್ಟನ್ನು ಆಚೆಗೆ ಎಳೆದರು. ಕೈ ಬಂತು, ಅದರ ಹಿಂದೆಯೇ ಗಿರಾಕಿ, ಚೌಕಾಸಿ, ಇಡೀ ಸಂತೆ ಬಂತು. ‘ಕೈ ಹೋದ್ರೆ ಸಂತೇನೇ ಹೋಯ್ತಲ್ಲಪ್ಪ’ ಅಂದರು. ಅಜ್ಜಿಯ ಕಣ್ಣು ಚಿಲ್ಲರೆಯ ಮೇಲಿತ್ತು ಅನ್ನುವುದು ನನಗೆ ಕಂಡದ್ದೂ ಆಗಲೇ. ಅಂಥ ರಟ್ಟಿನ ಜೋಡಿಯನ್ನು ನೀವೂ ಮಾಡಿಕೊಳ್ಳಿ. ಹಳೆಯ ಆಮಂತ್ರಣ ಪತ್ರಿಕೆ ಸಾಕು. ಮನೆಯ ಆಲ್ಬಮ್ಮಿನ ಮೇಲೆ ಆಡಿಸಿ ನೋಡಿ.

ಹೀಗೆ ನೋಡಲು ಕಲಿತ ಮೇಲೆ ದೊಡ್ಡವರ ಚಿತ್ರಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಫ್ರಾನ್ಸಿನ ಕಾರ್ಟಿಯೇ ಬ್ರೆಸಾನ್ ತನ್ನ ಚಿತ್ರಕ್ಕೆ ಯಾರೂ ಕತ್ತರಿ ಆಡಿಸಬಾರದು ಎಂದು ಹಟ ಹಿಡಿದಿದ್ದ ಮನುಷ್ಯ. ಪ್ಯಾರಿಸ್ಸಿನ ರೈಲ್ವೆ ಸ್ಟೇಷನ್ನೊಂದರ ಹಿಂದೆ ನೀರು ದಾಟಲು ಹಾರಿದ ವ್ಯಕ್ತಿಯ 1932ರ ಪ್ರಸಿದ್ಧ ಚಿತ್ರ ಇದಕ್ಕೆ ಅಪವಾದ. ಬೇಲಿಯ ಹಲಗೆಗಳ ಸಂದಿಯಿಂದ ತೆಗೆದದ್ದರಿಂದ ಅಂಚನ್ನು ಕತ್ತರಿಸದೆ ವಿಧಿಯಿರಲಿಲ್ಲ. ನಮ್ಮ ರಘುಬೀರ್ ಸಿಂಗ್ ಇನ್ನೊಂದು ಬಗೆ. ಅಂಬಾಸಿಡರ್ ಕಾರಿನ ಕಿಟಕಿ, ಬಾಗಿಲು, ಕನ್ನಡಿಗಳನ್ನೇ ಚೌಕಟ್ಟಿನೊಳಗಿನ ಚೌಕಟ್ಟು ಮಾಡಿ ಇಂಡಿಯಾ ತೋರಿಸಿದ. ಆ ಚಿತ್ರಗಳ ಪುಸ್ತಕ ಬಂದದ್ದು ಅವನು ತೀರಿಕೊಂಡ ಮೇಲೆ, 2002ರಲ್ಲಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನಂತೂ ಬಿಡಲೇಬೇಡಿ. ಅಲ್ಲಿ ಮಕ್ಕಳು ಯಾರೂ ಹಲ್ಲು ಕಿರಿದು ಪೋಸು ಕೊಡುವುದಿಲ್ಲ, ತಮ್ಮ ಪಾಡಿಗೆ ತಾವು ಕೆಲಸದಲ್ಲೋ ಆಟದಲ್ಲೋ ಮುಳುಗಿರುತ್ತಾರೆ. ಅವರ ಸುತ್ತ ಸತ್ಯನ್ ಎಷ್ಟು ಜಾಗ ಬಿಟ್ಟಿದ್ದಾರೆ ಅನ್ನುವುದನ್ನು ಗಮನಿಸಿ.

ಜಾಗ ಬಿಡುವುದೇ ಈಗ ಅಪರಾಧವಾಗಿಬಿಟ್ಟಿದೆ. ಕಬಿನಿಗೆ ಹೋದವರೆಲ್ಲ ಹುಲಿಯ ಮೂತಿಯನ್ನು ಇಡೀ ಫ್ರೇಮಿಗೆ ತುಂಬಿ ತರುತ್ತಾರೆ. ಕಾಡು ಎಲ್ಲಿ ಸ್ವಾಮಿ? ಮೃಗಾಲಯದಲ್ಲಿ ತೆಗೆದಿದ್ದರೂ ಇದೇ ಮೂತಿ ಬರುತ್ತಿತ್ತು, ಡೀಸೆಲ್ಲಾದರೂ ಉಳಿಯುತ್ತಿತ್ತು. ನೀರನ್ನು ಹಾಲು ಮಾಡಿದ ಜಲಪಾತ, ಕಿತ್ತಳೆ ರಸ ಸುರಿದ ಸೂರ್ಯಾಸ್ತ, ಕಿವಿಯ ತುದಿಯನ್ನೂ ಸೇರಿಸಿ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಇವಕ್ಕೆಲ್ಲ ಸಾವಿರಾರು ಲೈಕು. ಬೇಳೆಯೇ ಬೇಯದ ಸಾರಿಗೆ ಒಗ್ಗರಣೆ ಜೋರು ಮಾಡಿದ ಹಾಗೆ.

ಜಾಗ ಬಿಟ್ಟರೆ ಏನು ಸಿಗುತ್ತದೆ ಅನ್ನುವುದಕ್ಕೆ ಹಂಪಿಯ ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಇವತ್ತು ಅದಿಲ್ಲ. ಆತ ಚಕ್ರದ ಅಂದಕ್ಕೆ ಮರುಳಾಗಿ ಮೇಲ್ಗಡೆಯನ್ನು ಕತ್ತರಿಸಿದ್ದರೆ ಆ ಶಿಖರ ನಮ್ಮ ಕಣ್ಣಿಗೆ ಬೀಳುತ್ತಿತ್ತೇ? ಈಗ ಅಲ್ಲಿ ನಿಂತು ಚಕ್ರಕ್ಕೆ ಮೂಗು ತಾಗಿಸಿ ಕ್ಲಿಕ್ಕಿಸುವವರು ಸ್ವಲ್ಪ ಯೋಚಿಸಲಿ. ಯಾವುದು ಉಳಿಯುತ್ತದೆ, ಯಾವುದು ಬೀಳುತ್ತದೆ ಅನ್ನುವುದು ತೆಗೆಯುವವನಿಗೆ ಗೊತ್ತಿರುವುದಿಲ್ಲ.

ಬೆಳಕಿನ ಬಗ್ಗೆ ಎಲ್ಲರೂ ಹೇಳುತ್ತಾರಾದ್ದರಿಂದ ನಾನು ಒಂದೇ ಮಾತು ಹೇಳುತ್ತೇನೆ. ಮಧ್ಯಾಹ್ನದ ಬಿಸಿಲಿಗೆ ಹೆದರಿ ಕ್ಯಾಮೆರಾ ಒಳಗಿಡಬೇಡಿ, ಮನೆಬಾಗಿಲಿನ ಒಳಗಡೆ ಎರಡು ಹೆಜ್ಜೆ ಸರಿದು ನಿಂತವರ ಮುಖ ನೋಡಿ, ಅಷ್ಟು ಹದವಾದ ಬೆಳಕು ಯಾವ ಸ್ಟುಡಿಯೊದಲ್ಲೂ ಸಿಗದು. ಬಣ್ಣವೋ ಕಪ್ಪುಬಿಳುಪೋ ಎಂಬ ಜಗಳ ನನಗೆ ಬೇಡ. ಬಣ್ಣ ಕಿತ್ತುಹಾಕಿದ ಕೂಡಲೇ ಕಲೆಯಾಯಿತು ಎಂದು ಮಾತ್ರ ತಿಳಿಯಬೇಡಿ.

ಇನ್ನು ಅಭ್ಯಾಸ. ಒಂದೇ ಲೆನ್ಸ್ ಇರಲಿ, 35 ಅಥವಾ 50 ಮಿಲಿಮೀಟರ್. ಫೋನಾದರೆ ಜೂಮ್ ಮುಟ್ಟಬೇಡಿ. ದೂರದ ಪ್ರವಾಸ ಬೇಕಿಲ್ಲ, ನಿಮ್ಮ ಬೀದಿಯ ಕಟಿಂಗ್ ಶಾಪು, ಹೂವಿನ ಅಂಗಡಿ, ಬಸ್‌ಸ್ಟಾಪು ಸಾಕು. ತೆಗೆಯುವ ಮೊದಲು ಕೇಳಿ, ಬೇಡ ಅಂದವರನ್ನು ಬಿಡಿ. ತೆಗೆದದ್ದರಲ್ಲಿ ಒಂದೆರಡನ್ನು ಪ್ರಿಂಟ್ ಹಾಕಿಸಿ. ಪರದೆಯ ಮೇಲೆ ಬೆರಳಾಡಿಸಿ ಹಿಗ್ಗಿಸುತ್ತ ಹೋದರೆ ಅಂಚು ಎಂದಿಗೂ ಕಾಣುವುದಿಲ್ಲ, ಕಾಗದದ ಮೇಲೆ ಅದು ತಪ್ಪಿಸಿಕೊಳ್ಳಲಾರದು.

ಎರಡನೆಯ ಲೆನ್ಸ್ ಕೊಳ್ಳುವ ಹಣದಲ್ಲಿ ಮೊದಲು ಒಂದು ಒಳ್ಳೆಯ ಫೋಟೊ ಪುಸ್ತಕ ಕೊಂಡು, ಪ್ರತಿ ಚಿತ್ರವನ್ನೂ ಅಂಚಿನಿಂದ ನೋಡುತ್ತ ಬನ್ನಿ. ಆಮೇಲೂ ಲೆನ್ಸ್ ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ. ಅದು ಯಾತಕ್ಕೆ ಬೇಕು ಅಂತಲಾದರೂ ಆಗ ನಿಮಗೆ ಗೊತ್ತಿರುತ್ತದೆ.