ಗಂಟೆಣಿಕೆಯೇ ಗುಣವೆ?

ಪರ್ಷಿಯನ್ ರತ್ನಗಂಬಳಿಯ ಬೆಲೆಯನ್ನು ಗಂಟುಗಳ ಎಣಿಕೆಯಿಂದ ಕಟ್ಟುವುದು ವಾಡಿಕೆ. ಕಾಶಾನ್ ನಗರದ ಕುಸುರಿಗೆ ಈ ಅಳತೆ ಸಲ್ಲಬಹುದು. ಅಲ್ಲಿ ನಕ್ಷೆಗಾರನು ಕಾಗದದ ಮೇಲೆ ಬರೆದ ಬಳ್ಳಿಯನ್ನು ನೇಯುವವರು ಗಂಟುಗಂಟಾಗಿ ಅನುಸರಿಸುತ್ತಾರೆ. ಹಳ್ಳಿಯ ನೇಯ್ಗೆಯ ಮಾತೇ ಬೇರೆ. ವಾಯವ್ಯ ಇರಾನಿನ ಹೆರಿಜ್ ಸೀಮೆಯಲ್ಲಿ ಅಂಥದೇ ಬಳ್ಳಿ ನೇರಗೆರೆಗಳಾಗಿ, ಕೋನಗಳಾಗಿ ಮುರಿದು ಹೊಸ ಬಲ ಪಡೆಯುತ್ತದೆ. ಫಾರ್ಸ್ ಪ್ರಾಂತದ ಕಶ್ಕಾಯಿ ಹೆಂಗಸರು ನಕ್ಷೆಯ ಹಂಗಿಲ್ಲದೆ, ನೆನಪಿನಿಂದಲೇ ನೇಯಬಲ್ಲರು. ನಡುವೆ ಕೆಂಪು ಒಂದು ಪಟ್ಟೆಯಷ್ಟು ತಿಳಿಯಾದರೆ ಅದು ದೋಷವಲ್ಲ. ಬೇರೆ ಸಲ ಬಣ್ಣವದ್ದಿದ ಉಣ್ಣೆಯ ಗುರುತು. ಅದಕ್ಕೆ 'ಅಬ್ರಶ್' ಎಂಬ ಹೆಸರೇ ಇದೆ. ೨೦೧೦ರಲ್ಲಿ ಯುನೆಸ್ಕೊ ಫಾರ್ಸ್, ಕಾಶಾನ್ ಎರಡರ ನೇಯ್ಗೆಯನ್ನೂ ಪರಂಪರೆಯ ಪಟ್ಟಿಗೆ ಸೇರಿಸಿತು. ಹೀಗಿರಲು, ಗಂಟು ಕಡಿಮೆಯೆಂಬ ಒಂದೇ ಕಾರಣಕ್ಕೆ ಒಳ್ಳೆಯ ಹಳ್ಳಿಗಂಬಳಿಯನ್ನು ಕೀಳೆಣಿಸುವುದು ರಸಿಕತೆಯಲ್ಲ, ಬರಿಯ ಲೆಕ್ಕಾಚಾರ.