ಮೇಕೆಗೆ ಸೇತುವೆ ಬೇಕೆ, ಬೇಲಿ ಬೇಕೆ?

ಚಿಕ್ಕ ಮಕ್ಕಳಿಗೆ ಕಥೆಯ ಮೂಲಕ ಎಂಜಿನಿಯರಿಂಗ್ ಕಲಿಸಬೇಕು ಎಂದ ಕೂಡಲೇ ಶಿಕ್ಷಕರು ಮೊದಲು ಕೈಗೆತ್ತಿಕೊಳ್ಳುವುದು ನಾರ್ವೆಯ ಮೂರು ಮೇಕೆಗಳ ಜನಪದ ಕಥೆಯನ್ನು. ಚಿತ್ರಪುಸ್ತಕ ಓದಿ ತೋರಿಸಿ, ಐಸ್‌ಕ್ರೀಂ ಕಡ್ಡಿ ಮತ್ತು ಗೋಂದು ಹಂಚುತ್ತಾರೆ. ಮಕ್ಕಳು ಸೇತುವೆ ಕಟ್ಟಿ ಅದರ ಮೇಲೆ ಪ್ಲಾಸ್ಟಿಕ್ ಮೇಕೆ ನಿಲ್ಲಿಸುತ್ತಾರೆ. ಬೀಳದಿದ್ದರೆ ಚಪ್ಪಾಳೆ. ಕಥೆಯನ್ನು ಇನ್ನೊಮ್ಮೆ ಓದಿದರೆ ಎಡವಟ್ಟು ಕಾಣುತ್ತದೆ. ಅಲ್ಲಿ ಸೇತುವೆಗೆ ಏನೂ ಆಗಿಲ್ಲ. ದೊಡ್ಡ ಹೋತ ಕಾಲಿಟ್ಟರೂ ಅದು ಮುರಿಯುವುದಿಲ್ಲ. ಮೇಕೆಗಳ ಕಷ್ಟವೆಲ್ಲ ಕೆಳಗೆ ಕೂತ ರಾಕ್ಷಸನದು. ಮಕ್ಕಳು ಕಟ್ಟಿದ್ದು ಕಥೆಯಲ್ಲಿ ಯಾರೂ ಕೇಳದಿದ್ದ ಸೇತುವೆ.

ಕಥೆಯ ಪಾತ್ರಗಳ ಕಷ್ಟವನ್ನು ಮಕ್ಕಳೇ ಹುಡುಕಿ, ಅದಕ್ಕೊಂದು ಉಪಾಯ ಕಟ್ಟಿ ತೋರಿಸಬೇಕೆನ್ನುವ ‘ನಾವೆಲ್ ಎಂಜಿನಿಯರಿಂಗ್’ ಕ್ರಮವನ್ನು ರೂಪಿಸಿದ್ದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ. ವಿಚಾರ ಒಳ್ಳೆಯದು, ನಮ್ಮ ಶಾಲೆಗಳಿಗೂ ಹೊಂದುತ್ತದೆ. ಆದರೆ ಎಲ್ಲ ಕಥೆಯೂ ಈ ಕೆಲಸಕ್ಕೆ ಒದಗುವುದಿಲ್ಲ.

ಒದಗುವ ಪುಸ್ತಕಕ್ಕೆ ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ (1968) ಒಳ್ಳೆಯ ಉದಾಹರಣೆ. ಇಡೀ ಪುಸ್ತಕಕ್ಕೆ 32 ಪದ. ಒಂದು ಹೇಂಟೆ ಅಂಗಳ ಸುತ್ತಿ ಮನೆಗೆ ಬರುತ್ತದೆ, ಅಷ್ಟೇ. ಹಿಂದೆ ಬರುವ ನರಿಯ ಬಗ್ಗೆ ಒಂದಕ್ಷರವೂ ಇಲ್ಲ. ಅದು ಚಿತ್ರದಲ್ಲಿ ಮಾತ್ರ ಇದೆ. ಹುಲ್ಲು ಬಾಚುವ ಸಲಕರಣೆಯ ಹಲ್ಲನ್ನು ನರಿ ತುಳಿದರೆ ಉದ್ದ ಕಾವು ಎದ್ದು ಮುಖಕ್ಕೆ ಬಡಿಯುತ್ತದೆ. ಹೇಂಟೆಯ ಕಾಲಿಗೆ ಸಿಕ್ಕ ದಾರ ಎಳೆದು ಮೇಲಿಂದ ಹಿಟ್ಟು ಸುರಿಯುತ್ತದೆ. ನರಿ ಹಾರಿ ಬಿದ್ದ ಗಾಡಿ ಉರುಳಿಹೋಗಿ ಜೇನುಗೂಡುಗಳಿಗೆ ಗುದ್ದುತ್ತದೆ. ಸನ್ನೆ, ದಾರ, ಇಳಿಜಾರು, ಗಾಲಿ ಎಲ್ಲವೂ ಕಥೆಯ ಒಡಲಲ್ಲೇ ಇವೆ. ಮುಂದೇನಾಗುತ್ತದೆ ಎಂದು ಮಗು ಪುಟ ತಿರುವುವ ಮೊದಲೇ ಚಿತ್ರ ನೋಡಿ ಊಹಿಸುತ್ತದೆ. ಊಹಿಸಿದ್ದನ್ನು ಒಂದು ಸೌಟು, ಒಂದು ಕಲ್ಲು ಇಟ್ಟುಕೊಂಡು ಆಡಿ ನೋಡಬಹುದು. ಚಟುವಟಿಕೆಯನ್ನು ಹೊರಗಿನಿಂದ ತಂದು ಅಂಟಿಸುವ ಪ್ರಮೇಯವೇ ಇಲ್ಲಿಲ್ಲ.

ಪುಣ್ಯಕೋಟಿಯ ಕಥೆಯನ್ನು ಮಾತ್ರ ಇದಕ್ಕೆ ಎಳೆದು ತರಬಾರದು. ಹುಲಿಯಿಂದ ಹಸುವನ್ನು ಉಳಿಸಲು ದೊಡ್ಡಿ ಕಟ್ಟಿ ಎಂದು ಮಕ್ಕಳಿಗೆ ಹೇಳುವುದು ಸುಲಭ, ಕನ್ನಡದ ಮಕ್ಕಳಿಗೆ ಗೊತ್ತಿರುವ ಕಥೆ ಬೇರೆ. ಆದರೆ ಆ ಹಸುವಿಗೆ ಹುಲಿಯ ಬಳಿಗೆ ಮರಳಿ ಹೋಗದೆ ಇರುವ ದಾರಿ ಇತ್ತು. ಕೊಟ್ಟ ಮಾತಿಗಾಗಿ ಹೊರಟುನಿಂತವಳನ್ನು ಯಾವ ಬೇಲಿ ತಡೆದೀತು? ಅಲ್ಲಿ ಬೇಲಿ ಹಾಕಿದರೆ ಕಥೆಯೇ ಸಾಯುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಗುವಿಗೆ ಮೇಕೆ ಪುಸ್ತಕದ ಪ್ರಾಣಿಯಲ್ಲ. ಅದು ಮನೆ ಮುಂದೆ ಕಟ್ಟಿರುವ ಜೀವ, ಶಾಲೆಯ ಕೈತೋಟದ ನುಗ್ಗೆ ಸಸಿ ಮೇಯುವ ಜೀವ. ಹಿಂಗಾಲ ಮೇಲೆ ನಿಂತರೆ ಅದರ ಬಾಯಿ ಎಲ್ಲಿಗೆ ನಿಲುಕುತ್ತದೆ ಎಂದು ಮಗುವಿಗೆ ಗೊತ್ತು. ಈ ಕಡೆಯ ಗೊಲ್ಲರಹಟ್ಟಿಗಳ ಮುಳ್ಳುಬೇಲಿಯನ್ನು ಹತ್ತಿರದಿಂದ ನೋಡಬೇಕು. ಕುರಿ ರೊಪ್ಪಕ್ಕೆ ಜಾಲಿ ಕೊಂಬೆ ಹಾಸುವಾಗ ಬುಡ ಒಳಮುಖ, ಮುಳ್ಳಿನ ತುದಿ ಹೊರಮುಖ. ಕವೆಗೋಲಿನಿಂದ ಒತ್ತಿ ಒಂದರೊಳಗೊಂದು ಸಿಗಿಸುತ್ತಾರೆ. ಗಾಳಿಗೆ ಏಳದಂತೆ ಮೇಲೆ ಕಲ್ಲು ಹೇರುತ್ತಾರೆ. ಹೊರಗಿನಿಂದ ತೋಳ ನುಗ್ಗಲಾರದು, ಒಳಗಿನಿಂದ ಮನುಷ್ಯ ಬುಡ ಹಿಡಿದು ಎಳೆದರೆ ಕೊಂಬೆ ಸಲೀಸಾಗಿ ಬರುತ್ತದೆ. ಮೊಳೆಯಿಲ್ಲ, ತಂತಿಯಿಲ್ಲ. ಇದು ಲೆಕ್ಕ ಹಾಕಿ ಕಟ್ಟಿದ ಕಟ್ಟಡವೇ. ನಾವು ಮಕ್ಕಳನ್ನು ಪ್ರವಾಸಕ್ಕೆ ಮಾರಿ ಕಣಿವೆಗೆ ಕರೆದೊಯ್ದು, 1907ರಲ್ಲಿ ಮುಗಿದ ಕಲ್ಲಿನ ಅಣೆಕಟ್ಟೆ ತೋರಿಸಿ ಎಂಜಿನಿಯರಿಂಗ್ ಅಂದರೆ ಇದು ಎನ್ನುತ್ತೇವೆ. ಸರಿಯೇ. ರೊಪ್ಪದ ಬೇಲಿಯನ್ನು ತೋರಿಸಿ ಹಾಗೆ ಅನ್ನುವುದಿಲ್ಲ, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಾಮಗ್ರಿಗೂ ಪೇಟೆಗೆ ಹೋಗಬೇಕಿಲ್ಲ. ಹೊಳಲ್ಕೆರೆಯಲ್ಲಿ ಅಡಿಕೆ ಹಾಳೆ, ಹೊಸದುರ್ಗದಲ್ಲಿ ತೆಂಗಿನ ಗರಿ ಮತ್ತು ಕರಟ, ಬಯಲಿನ ಕಡೆ ಜೋಳದ ದಂಟು. ದಂಟಿನ ಸಿಪ್ಪೆಯನ್ನು ಮೊಳೆಯಾಗಿ, ಒಳಗಿನ ಬೆಂಡನ್ನು ಗಾಲಿಯಾಗಿ ಮಾಡಿ ಬಂಡಿ ಕಟ್ಟಿದ ತಲೆಮಾರು ಇನ್ನೂ ಊರಲ್ಲಿದೆ. ಆ ಅಜ್ಜ ಅಜ್ಜಿಯರನ್ನು ಒಂದು ದಿನ ತರಗತಿಗೆ ಕರೆಸಿದರೆ ಸಾಕು.

ನನ್ನ ದೊಡ್ಡ ತಕರಾರು ಕಾಲದ ಬಗ್ಗೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ, ಮಗು ತನ್ನ ವೇಗದಲ್ಲಿ ಕಲಿಯಲಿ ಎಂದಿತು. ಅದು ದೊಡ್ಡ ಹೆಜ್ಜೆ. ಆದರೂ ಕಟ್ಟುವ ಚಟುವಟಿಕೆ ಬಂದಾಗ ನಮ್ಮ ತರಗತಿಗಳು ಅವಸರಕ್ಕೆ ಬೀಳುತ್ತವೆ. ಒಂದು ಅವಧಿಯಲ್ಲಿ ಮಾದರಿ ಮುಗಿಯಬೇಕು, ಫೋಟೊ ತೆಗೆಯಬೇಕು. ಬಿದ್ದ ಮಾದರಿಯನ್ನು ಟೀಚರೇ ಗೋಂದು ಹಚ್ಚಿ ನಿಲ್ಲಿಸಿಬಿಡುತ್ತಾರೆ. ಏಕೆ ಬಿತ್ತು ಎಂದು ಮಗು ಯೋಚಿಸಬೇಕಾದ ಹೊತ್ತು ಅಲ್ಲಿಗೆ ಮುಗಿಯಿತು. ಎರಡನೇ ಸಲ ಕಟ್ಟಲು ಬಿಡದ ಚಟುವಟಿಕೆ ಕರಕುಶಲ ಆದೀತು, ಎಂಜಿನಿಯರಿಂಗ್ ಆಗದು.

ಈ ನಾಲ್ಕು ತಾಲ್ಲೂಕುಗಳ ಗುರುಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಮೇಕೆಯ ಕಥೆ ಓದಿದ ಮೇಲೆ ಐಸ್‌ಕ್ರೀಂ ಕಡ್ಡಿಯನ್ನು ಬದಿಗಿಡಿ. ಕೈತೋಟದ ಒಂದು ಸಸಿಯನ್ನು ಮಕ್ಕಳಿಗೆ ಒಪ್ಪಿಸಿ, ಅದಕ್ಕೆ ಬೇಲಿ ಅವರೇ ಕಟ್ಟಲಿ. ಮುಳ್ಳು ಕಡಿದು ತರುವ ಕೆಲಸ ದೊಡ್ಡವರು ಮಾಡಲಿ. ಆಮೇಲೆ ಊರಿನ ಒಂದು ಮೇಕೆಯನ್ನು ಕರೆತಂದು ಬಿಡಿ. ಸಸಿ ಹೋದರೆ ಇನ್ನೊಂದು ನೆಡಿ, ಬೇಲಿಯನ್ನು ಮತ್ತೆ ಅವರ ಕೈಯಿಂದಲೇ ಕಟ್ಟಿಸಿ.